ಬೆರಳು ತೋರಿಸಿದ ಹೀಚು

ತೊಂಬತ್ತರ ದಶಕದಲ್ಲಿ ಸಿಂದಗಿಯ ನಮ್ಮ ಹಿತ್ತಲಿನ ಹೀರೆಬಳ್ಳಿ ಪಾತ್ರೆ ತೊಳೆದ ನೀರಿನಿಂದಲೇ ಬದುಕುತ್ತಿತ್ತು. ಆ ನೀರು ಹೊರುವ ಕೆಲಸ ನನ್ನದು. "ಹೀಚಿಗೆ ಬೆರಳು ತೋರಿಸಬ್ಯಾಡ, ಕೊಳತು ಬೀಳ್ತಾವು," ಎಂದು ಅಜ್ಜಿ ದಿನವೂ ಗದರುತ್ತಿದ್ದಳು.

ಒಂದು ಬೇಸಿಗೆ, ನೀರು ಚೆಲ್ಲಿದ್ದಕ್ಕೆ ಅವಳು ನನ್ನ ಬೆನ್ನಿಗೆ ಗುದ್ದಿದಳು. ಸಿಟ್ಟಿಗೆ ನಾನು ಬಳ್ಳಿಯಲ್ಲಿದ್ದ ಮೂರೂ ಹೀಚುಗಳಿಗೆ ಬೇಕೆಂದೇ ಬೆರಳು ತೋರಿಸಿದೆ. ನಾಲ್ಕೇ ದಿನದಲ್ಲಿ ಮೂರೂ ಹಳದಿಯಾಗಿ, ಕೊಳೆತು ಉದುರಿದವು. ಅಜ್ಜಿ ಬಿಸಿಲನ್ನು ಬೈದಳು.

ಅದೇ ವಾರ ಬಾಗೇವಾಡಿಯಿಂದ ಸೋದರತ್ತೆ ಹೆರಿಗೆಗೆಂದು ತವರಿಗೆ ಬಂದಳು. ಹೀರೆ ಚಪ್ಪರದ ನೆರಳಲ್ಲಿ ಕೂತು ನನ್ನನ್ನು ಕರೆದಳು. ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಹೋದೆ.

"ಕೂಸು ಒದಿಯಾಕತ್ತೈತಿ, ಮುಟ್ಟಿ ನೋಡು," ಎನ್ನುತ್ತ ಅವಳು ನನ್ನ ಮುಷ್ಟಿ ಬಿಡಿಸಿ, ಅದೇ ಬೆರಳನ್ನು ಹಿಡಿದು ಹೊಟ್ಟೆಯ ಮೇಲಿಟ್ಟಳು.

ಒಳಗಿನ ಒದೆತ ನಿಂತುಬಿಟ್ಟಿತು.