ಅತ್ತೆ ನೋಡಿದ ಕೆಂಪು

ರಾಣೇಬೆನ್ನೂರಿನ ಆಸ್ಪತ್ರೆಯಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿಕೊಂಡ ಅತ್ತೆ, ಪಟ್ಟಿ ಬಿಚ್ಚಿದ ಮೇಲೆ ಮೊದಲು ನೋಡಿದ್ದು ನನ್ನ ಮುಖವನ್ನು. ಬಹಳ ಹೊತ್ತು ನೋಡಿದರು. ಆಮೇಲೆ ಡಾಕ್ಟರ ಎದುರಿಗೇ, “ನಿನ್ನ ಕೂದ್ಲಾನೂ ಬೆಳ್ಳಗಾಗ್ಯಾವಲ್ಲ, ಯಾವಾಗ?” ಎಂದು ಕೇಳಿದರು. ನನಗೆ ನಗು ಬಂತು. ಒಂದೇ ಸೂರಿನಡಿ ಇದ್ದೂ ಅವರು ನನ್ನನ್ನು ನೋಡದೆ ವರ್ಷಗಳೇ ಆಗಿದ್ದವು.

ಅವರಿಗೆ ಅಷ್ಟು ಕಡಿಮೆ ಕಾಣುತ್ತದೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಜ್ಜೆ ಸಪ್ಪಳದಿಂದ ಮಂದಿಯನ್ನು ಗುರುತಿಸುತ್ತಿದ್ದರು, ಅಕ್ಕಿಯ ಹರಳನ್ನು ಬೆರಳಿನಿಂದಲೇ ಆರಿಸುತ್ತಿದ್ದರು. ಹಾಡಹಗಲೇ ಬಾಗಿಲಿಗೆ ಹಣೆ ಬಡಿದುಕೊಂಡ ದಿನವಷ್ಟೇ ನನಗೆ ಸಂಶಯ ಬಂದದ್ದು.

ಹಾವೇರಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೊರಟೆವು. ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿಯ ಬಳಿ ಕುಳಿತವರು ಮಲಗಿ ಎಂದರೂ ಕೇಳಲಿಲ್ಲ. ತಂತಿಯ ಮೇಲಿನ ಹಕ್ಕಿ, ಹೊಲದ ಬೇಲಿಗೆ ಒಣಹಾಕಿದ ಸೀರೆ, ಎದುರು ಕುಳಿತ ಹೆಂಗಸಿನ ಮೂಗುತಿಯ ಹರಳು, ಎಲ್ಲವನ್ನೂ ನನಗೆ ತೋರಿಸುತ್ತ ಬಂದರು. ಬ್ಯಾಡಗಿ ಬಂದಾಗ ಇಳಿಯೋಣವೆಂದು ಹಟ ಹಿಡಿದರು. ಅದು ಅವರ ತವರು. ಮೆಣಸಿನಕಾಯಿ ರಾಶಿ ನೋಡಬೇಕಂತೆ. ಡಾಕ್ಟರು ಒಲೆಯ ಹೊಗೆಯನ್ನೇ ಬೇಡವೆಂದಿರುವಾಗ ಆ ಘಾಟು ಹೇಗೆ ಎಂದು ಕೈ ಹಿಡಿದು ಕೂರಿಸಿದೆ. ಹಾವೇರಿ ಬರುವವರೆಗೂ ಸಿಟ್ಟಿನಿಂದ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತರು.

ಮನೆಗೆ ಬಂದ ಮೇಲೆ ಆ ಸಿಟ್ಟು ಹೆಚ್ಚು ಹೊತ್ತು ಉಳಿಯಲಿಲ್ಲ. ಮೊದಲು ಅಡುಗೆಮನೆ ಮೂಲೆಯ ಜೇಡರ ಬಲೆ ಸಿಕ್ಕಿತು, ಆಮೇಲೆ ತಮ್ಮದೇ ಸೀರೆ. ಹಬ್ಬಕ್ಕೆಲ್ಲ ಉಟ್ಟು, ನೀಲಿ ಸೀರೆ ಎಂದು ಹೇಳಿಕೊಂಡು ತಿರುಗಿದ್ದು ನೋಡಿದರೆ ಬದನೆಕಾಯಿ ಬಣ್ಣದ್ದು. ನಾನೇಕೆ ತಿದ್ದಲಿಲ್ಲವೆಂದು ಕೇಳಿದರು. ನೀವು ಆ ಬಣ್ಣಕ್ಕೇ ನೀಲಿ ಎನ್ನುತ್ತೀರೆಂದು ತಿಳಿದಿದ್ದೆ ಎಂದೆ. ನಕ್ಕು, ಅದನ್ನೇ ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು.

ಅವರ ಹಿಂದೆ ನಾನೂ ನೋಡತೊಡಗಿದೆ. ಮಧ್ಯಾಹ್ನ ಬೆಳಕಿಂಡಿಯಿಂದ ಇಳಿದ ಬಿಸಿಲು ಹಿಟ್ಟಿನ ಡಬ್ಬಿಯ ತನಕ ನಿಧಾನಕ್ಕೆ ಸರಿಯುತ್ತದೆ. ಅಲ್ಲೇ ಕುಳಿತು ಇಷ್ಟು ವರ್ಷ ರೊಟ್ಟಿ ಬಡಿದ ನನಗೆ ಅದು ಕಂಡಿರಲೇ ಇಲ್ಲ.

ಹನಿ ಹಾಕುವುದು ಮುಗಿದು, ಡಾಕ್ಟರು ಅಡ್ಡಿಯಿಲ್ಲ ಎಂದ ಮೇಲೆ ಬ್ಯಾಡಗಿಗೆ ಹೋದೆವು. ಸುಗ್ಗಿ ಮುಗಿಯುತ್ತ ಬಂದಿತ್ತು. ಮಾರುಕಟ್ಟೆಯಲ್ಲಿ ನಾನು ಸೀನಿ ಸೀನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಅತ್ತೆಗೆ ಜಾಗ ಮಾಡಿಕೊಟ್ಟರು. ಅವರು ರಾಶಿಯಿಂದ ಒಂದು ಕಾಯಿ ಎತ್ತಿ, ಅದರ ಸುಕ್ಕುಗಳನ್ನು ತಿರುತಿರುಗಿಸಿ ನೋಡಿದರು.

“ನನಗ ಕೆಂಪ ಬಣ್ಣ ಹೋಗೇ ಬಿಟ್ಟಿತ್ತು,” ಎಂದರು. “ಮೆಣಸಿನಕಾಯಿ ಮಣ್ಣಿನಂಗ ಕಾಣತಿತ್ತು.”

“ಯಾಕ ಹೇಳಲಿಲ್ಲರಿ?”

“ಹೇಳಿದ್ರ ಒಲಿ ಮುಂದ ಹೋಗಾಕ ಬಿಡತಿದ್ದಿಲ್ಲ ನೀವು.”

ಆ ಮಾತು ಖರೆಯೇ ಆಗಿತ್ತು. ಬಿಡುತ್ತಿರಲಿಲ್ಲ. ಅವರ ಒಳ್ಳೆಯದಕ್ಕೇ ಎಂದು ಹೇಳಿ ಕುರ್ಚಿಯಲ್ಲಿ ಕೂರಿಸಿಬಿಡುತ್ತಿದ್ದೆವು.

ಮರುದಿನ ಅವರೇ ಕೆಂಪು ಚಟ್ನಿ ಕುಟ್ಟಿದರು. ನಾನು ಅಡ್ಡ ಹೋಗಲಿಲ್ಲ. ಉಪ್ಪು ತುಸು ಹೆಚ್ಚಾಗಿತ್ತು. ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ಇಬ್ಬರೂ ತಿಂದೆವು. ಇನ್ನೊಂದು ಕಣ್ಣಿನ ಆಪರೇಷನ್ನಿಗೆ ಈಗ ಅವರೇ ಅವಸರ ಮಾಡುತ್ತಿದ್ದಾರೆ.