ಜಡ್ಜ್ ಸಾಹೇಬರ ಗುರುವಾರ
ನಮ್ಮ ಬೀದಿಯ ಜಡ್ಜ್ ಸಾಹೇಬರು ನಿವೃತ್ತರಾಗಿ ಒಂಬತ್ತು ವರ್ಷವಾದರೂ ನ್ಯಾಯ ಅವರ ಬೆನ್ನು ಬಿಟ್ಟಿಲ್ಲ. ಮೊಮ್ಮಕ್ಕಳು ಪೆನ್ಸಿಲ್ಲಿಗೆ ಕಿತ್ತಾಡಿದರೂ ಇಬ್ಬರ ಹೇಳಿಕೆಯನ್ನೂ ಪೂರ್ತಿ ಕೇಳಿಯೇ ತೀರ್ಪು ಕೊಡುತ್ತಾರೆ. ಉಪ್ಪು ಹೆಚ್ಚಾಯಿತೇ ಎಂದು ಹೆಂಡತಿ ಕೇಳಿದರೆ, "ಹೆಚ್ಚಾಗಿದೆ, ಆದ್ರೆ ಈ ತಿಂಗಳಲ್ಲಿ ಇದು ಮೊದಲನೇ ಅಪರಾಧ" ಎನ್ನುತ್ತಾರೆ. ದೇವರು ಎಲ್ಲವನ್ನೂ ಕ್ಷಮಿಸುತ್ತಾನೆ ಎಂದು ಪಾದ್ರಿಗಳು ಸಲೀಸಾಗಿ ಹೇಳಿದ ಭಾನುವಾರ, ಚರ್ಚಿನ ಬಾಗಿಲಲ್ಲೇ ಅವರನ್ನು ನಿಲ್ಲಿಸಿ, "ಸುಮ್ನೆ ಬಿಟ್ಬಿಟ್ಟ ಅನ್ನೋ ಹಾಗೆ ಹೇಳ್ಬೇಡಿ ಫಾದರ್, ಅದಕ್ಕೆ ಕ್ರಿಸ್ತ ಸಾಯಬೇಕಾಯ್ತು" ಎಂದು ತಿದ್ದುತ್ತಾರೆ. ಇಂಥ ಕಟ್ಟುನಿಟ್ಟಿನ ಮನುಷ್ಯ ಪ್ರತಿ ಗುರುವಾರ ಜೈಲಿಗೆ ಹೋಗಿಬರುತ್ತಾರೆಂದು ನನಗೆ ತಿಳಿದದ್ದು, ಕಣ್ಣು ಮಂಜಾಗಿದೆ ಎಂದು ಮೊನ್ನೆ ನನ್ನನ್ನು ಜೊತೆಗೆ ಕರೆದೊಯ್ದಾಗ. ಭೇಟಿಯ ಕೋಣೆಯ ಬೆಂಚಿನಲ್ಲಿ ತಲೆ ನರೆತ ಕೈದಿಯೊಬ್ಬನ ಪಕ್ಕ ಕುಳಿತು ಅವನಿಗೆ ಓದುಬರಹ ಕಲಿಸುತ್ತಿದ್ದರು. ಕೊಲೆ ಮಾಡಿದ್ದಕ್ಕೆ ಅವನಿಗೆ ಜೀವಾವಧಿ ಶಿಕ್ಷೆ ಕೊಟ್ಟವರು ಇವರೇ. ಹಿಂದಿರುಗುವಾಗ ನಾನು ಮೆಲ್ಲಗೆ, "ತೀರ್ಪು ತಪ್ಪಾಯ್ತು ಅನ್ಸುತ್ತಾ ಸರ್?" ಎಂದು ಕೇಳಿದೆ. "ಇಲ್ಲಪ್ಪ, ತೀರ್ಪು ಸರಿಯಾಗೇ ಇದೆ. ಅದು ಅವನಿಗೂ ಗೊತ್ತು" ಎಂದರು. ಸ್ವಲ್ಪ ದೂರ ನಡೆದ ಮೇಲೆ, "ದೇವರೂ ತೀರ್ಪು ಬದಲಾಯಿಸ್ಲಿಲ್ಲ. ತೀರ್ಪು ಕೊಟ್ಟವನೇ ಕೆಳಗಿಳಿದು ಬಂದು ಅಪರಾಧಿ ಜಾಗದಲ್ಲಿ ನಿಂತ. ನನ್ ಕೈಲಿ ಅಷ್ಟು ಆಗಲ್ಲ, ಪಕ್ಕದಲ್ಲಿ ಕೂತ್ಕೋಬಹುದು" ಎಂದರು. ಅವರ ಜೇಬಿನಲ್ಲಿ, ಆ ಕೈದಿ ತನ್ನ ಮಗಳಿಗೆ ಸ್ವಂತ ಕೈಯಿಂದ ಬರೆದ ಮೊದಲ ಕಾಗದವಿತ್ತು. ದಾರಿಯಲ್ಲಿ ಅಂಚೆ ಡಬ್ಬಿ ಸಿಕ್ಕಾಗ ಅದನ್ನು ಒಳಗೆ ಹಾಕಿದರು; ಸರಿಯಾಗಿ ಬಿದ್ದಿತೋ ಇಲ್ಲವೋ ಎಂದು ಆ ಮಂಜುಗಣ್ಣಿನಲ್ಲೇ ಬಗ್ಗಿ ನೋಡಿದರು.