ಕೆರೆಗಿಳಿಯದ ಎಮ್ಮೆ

ರಾಯಬಾಗ ಕಡೆಯ ನಮ್ಮೂರಲ್ಲಿ ಪಕ್ಕದ ಮನೆಯ ಕಾಕಾನ ಜೊತೆ ವಾದ ಮಾಡುವುದಕ್ಕಿಂತ ಗೋಡೆಗೆ ಹಣೆ ಚಚ್ಚಿಕೊಳ್ಳುವುದು ಮೇಲು. ಏನೇ ಕೆಟ್ಟರೂ ಹೆಗಲ ಟವೆಲ್ ಕೊಡವಿ, "ಎಲ್ಲಾ ಸೊಕ್ಕಪಾ, ಸೊಕ್ಕು!" ಎನ್ನುತ್ತಿದ್ದ. ಹಾಲು ಒಡೆದರೂ ಸೊಕ್ಕು, ಮಳೆ ತಪ್ಪಿದರೂ ಸೊಕ್ಕು.

ತೊಂಬತ್ತರ ದಶಕದಲ್ಲಿ ಬೇಸಿಗೆಗಳು ವರ್ಷದಿಂದ ವರ್ಷಕ್ಕೆ ಬಿರುಸಾಗಿ, ಕೆರೆ ಮೊಣಕಾಲುದ್ದಕ್ಕೆ ಇಳಿಯಿತು. ಮಧ್ಯಾಹ್ನ ನೀರಿಗೆ ಬಿದ್ದರೆ ಸಂಜೆಯಾದರೂ ಏಳದಿದ್ದ ಕಾಕಾನ ಎಮ್ಮೆ, ಈಗ ಕಾಲಿಟ್ಟು ತಿರುಗಿ ಬರತೊಡಗಿತು. ಹಾಲು ಅರ್ಧಕ್ಕಿಳಿಯಿತು. ಕಾಕಾ ಬಾರಕೋಲು ಎತ್ತಿದ.

"ನೀರ ಕಾದೈತಿ ಕಾಕಾ, ಕೈಯರ ಇಟ್ಟ ನೋಡು," ಎಂದೆ.

"ನೀರಿಗೇನಾಗೈತಿ? ನಮ್ಮಜ್ಜನ ಕಾಲದಿಂದ ತಣ್ಣಗ ಐತಿ. ಎಮ್ಮಿಗೆ ಸೊಕ್ಕು ಬಂದೈತಿ!"

ಎಮ್ಮೆಗೆ ಬುದ್ಧಿ ಕಲಿಸಲು ತಾನೇ ಧೋತರ ಎತ್ತಿಕಟ್ಟಿ ಕೆರೆಯಲ್ಲಿ ಕುಳಿತ. ಮುಖ ಕೆಂಪೇರಿ ಬೆವರಿಳಿದರೂ ಏಳಲೊಲ್ಲ. ಎಮ್ಮೆ ದಂಡೆಯ ಜಾಲಿ ನೆರಳಲ್ಲಿ ಮೆಲುಕು ಹಾಕುತ್ತ ಅವನನ್ನೇ ನೋಡುತ್ತಿತ್ತು. ನಾನು ತಲೆ ಕೆಟ್ಟು ಮನೆಗೆ ಬಂದೆ.

ಮರುದಿನ ಕಾಕಾ ಬಾವಿಕಟ್ಟೆಯಲ್ಲಿ ಎಮ್ಮೆಯ ಬೆನ್ನಿಗೆ ಕೊಡಗಟ್ಟಲೆ ತಣ್ಣೀರು ಸುರಿಯುತ್ತಿದ್ದ.

"ಈಗರ ಒಪ್ಪಿದಿ?" ಎಂದೆ.

ಅವನು ಕೆರೆಯ ಕಡೆ ಟವೆಲ್ ಕೊಡವಿದ. "ಆ ಕೆರಿ ಸೊಕ್ಕ ಇಳಿಯೂತನಕಾ ನಮ್ಮ ಎಮ್ಮಿ ಅದರಾಗ ಕಾಲ ಇಡೂದಿಲ್ಲ!"